ಮಿಲಾನ್ ತಾತನ ಖಾಲಿ ಮೊಳೆ

ಮೊನ್ನೆ ಪ್ಲೆಸೆಂಟನ್ನಿನ ಗ್ರೋಸರಿಯಲ್ಲಿ ಒಣ ಏಪ್ರಿಕಾಟಿನ ಡಬ್ಬದ ಮುಚ್ಚಳ ತೆಗೆದು ಮೂಸುತ್ತಾ ನಿಂತುಬಿಟ್ಟೆ. ಮೂಸಿ ಕೊಳ್ಳುವ ಚಾಳಿ ನನ್ನದು. ಜೊತೆಗಿದ್ದ ಮೊಮ್ಮಗಳು ಪರಿಚಯವೇ ಇಲ್ಲದವಳಂತೆ ದೂರ ಸರಿದಳು. ಆ ವಾಸನೆಯೊಳಗೆ ಒಂದು ಶಾಲೆಯಿದೆ ಎಂದು ಅವಳಿಗೇನು ಗೊತ್ತು?

ಎಂಬತ್ತರ ದಶಕದಲ್ಲಿ, ಈ ಪರದೇಶಕ್ಕೆ ನಾವು ಹೊಸಬರಾಗಿದ್ದಾಗ, ನಮ್ಮ ಮಕ್ಕಳ ಭಾನುವಾರದ ಕನ್ನಡ ಕ್ಲಾಸು ನಡೆಯುತ್ತಿದ್ದುದು ಸರ್ಬಿಯಾದ ಮಿಲಾನ್ ತಾತನ ಒಣಹಣ್ಣಿನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಶನಿವಾರ ಅಲ್ಲೇ ಅವರು ತಮ್ಮವರ ಮಕ್ಕಳಿಗೆ ಸರ್ಬಿಯನ್ ಕಲಿಸುತ್ತಿದ್ದರು. ಕೋಣೆ ಕೇಳಲು ಹೋದರೆ ಬಾಡಿಗೆಯ ಮಾತೆತ್ತದೆ ಉಪನ್ಯಾಸ ಕೊಟ್ಟರು. ಅವರ ಜನ ಪರರಾಜರ ಕೈಕೆಳಗಿದ್ದಾಗ ಎಷ್ಟೋ ಶಾಲೆಗಳನ್ನು ಸಾಕಿದವರು ಹಂದಿ, ಉಪ್ಪು ಮಾರುತ್ತಿದ್ದ ವರ್ತಕರೇ ಅಂತೆ. ಮೇಷ್ಟ್ರ ಸಂಬಳ, ಬಡ ಹುಡುಗರ ಊಟ, ಪುಸ್ತಕದ ಅಚ್ಚು, ಎಲ್ಲ ಅವರದೇ. ಅಂಥ ಮೀಸೆಯ ದಾನಿಗಳ ಚಿತ್ರಗಳು ಗೋಡೆಯ ಮೇಲೆ ಸಾಲಾಗಿದ್ದವು. ಕೊನೆಯಲ್ಲೊಂದು ಖಾಲಿ ಮೊಳೆ. ಅದು ಯಾರಿಗೆ ಎಂದು ಕೇಳಿದರೆ ತಾತ ಕೆಮ್ಮುತ್ತಿದ್ದರು. ದಾನಿಯ ಚಿತ್ರವನ್ನು ಶಾಲೆಯೇ ಹಾಕಬೇಕು, ತಾನೇ ಹಾಕಿಕೊಳ್ಳುವಂತಿಲ್ಲ ಎಂಬುದು ಅವರ ನಿಯಮ.

ಪಾಪ, ಹಾಕಬೇಕಾದ ಶಾಲೆಯೇ ಕರಗುತ್ತಿತ್ತು. ಶನಿವಾರದ ಮಕ್ಕಳು ಒಬ್ಬೊಬ್ಬರಾಗಿ ಸಾಕರ್ ಆಡಲು ಹೋದರು. ಸ್ವಂತ ಮೊಮ್ಮಗನೂ ಹೋದ. ಬೆಂಚು ಪೂರ್ತಿ ಖಾಲಿಯಾದ ವಾರ ತಾತನ ಮುಖ ನೋಡಿ ನನಗೆ ಸಂಕಟವಾಯಿತು.

ಅದಕ್ಕೇ ಸರಸ್ವತಿ ಪೂಜೆಯ ದಿನ ನಾವೇ ಗುಟ್ಟಾಗಿ ಅವರ ಫೋಟೋವನ್ನು ಆ ಮೊಳೆಗೆ ಹಾಕಿದೆವು. ಅಷ್ಟಕ್ಕೇ ಬಿಡಬಹುದಿತ್ತು. ನಾನು ಭಕ್ತಿ ಉಕ್ಕಿ ಗಂಧದ ಹಾರ ಹಾಕಿ, ಕುಂಕುಮವಿಟ್ಟು, ಊದುಬತ್ತಿಯನ್ನೂ ಹಚ್ಚಿದೆ. ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

“ಅಯ್ಯ, ಆ ಮನುಷ್ಯಾ ಇನ್ನೂ ಗಟ್ಟಿ ಅದಾನ. ನೀ ಹಾರ ಹಾಕಿ ಕಳಿಸೇ ಬಿಟ್ಟಿ ಅಲ್ಲ.”

ಕುರ್ಚಿ ಹತ್ತಿ ಹಾರಕ್ಕೆ ಕೈ ಹಾಕುವಷ್ಟರಲ್ಲಿ ತಾತ ಬಾಗಿಲಲ್ಲಿದ್ದರು. ನಮ್ಮಲ್ಲಿ ಫೋಟೋಗೆ ಹಾರ ಹಾಕುವುದು ಸತ್ತವರಿಗೆ ಎಂದು ತೊದಲಿದೆ. ಅವರು ಹತ್ತಿರ ಬಂದು ಸಾಲಿನ ಕೊನೆಯಲ್ಲಿದ್ದ ತಮ್ಮ ಚಿತ್ರ ನೋಡಿದರು. ಆಮೇಲೆ ತಮ್ಮ ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳಿದರು:

“ತೆಗೀಬೇಡಿ. ಸತ್ತ ಮೇಲೆ ಹಾಕಿದ್ರೆ ನಾನು ನೋಡೋದು ಹೇಗೆ?”

ಅಂದಿನಿಂದ ಪ್ರತಿ ಭಾನುವಾರ ನಮ್ಮ ಮಕ್ಕಳ ಜೊತೆ ಬೆಂಚಿನಲ್ಲಿ ಕೂತು, ಹಾರ ನೆಟ್ಟಗಿದೆಯೇ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಎಷ್ಟೋ ವರ್ಷ ಗಟ್ಟಿಯಾಗಿಯೇ ಇದ್ದರು. ಅತ್ತೆಗೆ ಕೊಂಚ ನಿರಾಸೆಯಾಗಿರಬೇಕು.

ಈಗ ತಾತನೂ ಇಲ್ಲ, ಅಂಗಡಿಯೂ ಇಲ್ಲ. ಫೋಟೋ ಕ್ಲಾಸಿನ ಜೊತೆ ಊರೂರು ಅಲೆಯುತ್ತಿದೆ. ಬಾಡಿಗೆಯ ಜಾಗ ಈ ತಿಂಗಳು ಬಿಡಬೇಕಂತೆ. ನಿಮ್ಮ ಗರಾಜು ಕೊಡ್ತೀರಾ ಎಂದು ಕ್ಲಾಸಿನ ಈಗಿನ ಟೀಚರಮ್ಮ ಹೋದ ವಾರ ಕೇಳಿದ್ದಕ್ಕೆ, ಯಜಮಾನರ ಹಳೆಯ ಸಾಮಾನಿದೆ ಎಂದು ನುಣುಚಿಕೊಂಡಿದ್ದೆ.

ಏಪ್ರಿಕಾಟಿನ ಮುಚ್ಚಳ ಹಾಕಿ ಅಲ್ಲೇ ಫೋನು ಮಾಡಿದೆ.

“ಗರಾಜು ಖಾಲಿ ಮಾಡಿಸ್ತೀನಿ, ಬನ್ನಿ. ತಾತನ ಫೋಟೋ ತನ್ನಿ, ಹಾಗೇ ಎರಡು ಮೊಳೆ.”

ಎರಡು ಯಾಕೆ ಎಂದು ಟೀಚರಮ್ಮ ಕೇಳಿದರು. ನಾನು ಕೆಮ್ಮಿದೆ.