ಶಿಕ್ಷೆಯ ರುಚಿ ನೋಡುತ್ತಿದ್ದ ಮೇಡಂ

ನಾನು ಗಣಿತದ ಮೇಷ್ಟ್ರಾಗಿ ಸೇರಿದ ಮೊದಲ ವಾರ. ತರಗತಿಯ ಬಾಗಿಲಾಚೆ ನೋಡಿದರೆ ನಮ್ಮ ಹೆಡ್‌ಮಿಸ್ಟ್ರೆಸ್ ಸರ್ವಮಂಗಳಾ ಮೇಡಂ ಗೋಡೆಗೆ ಮುಖ ಮಾಡಿ ನಿಂತಿದ್ದರು. ಹತ್ತು ನಿಮಿಷ ಕಳೆದರೂ ಅಲ್ಲೇ ಇದ್ದರು. ಮಕ್ಕಳು ಕಿಸಕಿಸ ನಗುತ್ತಿದ್ದರು. ಹೆದರುತ್ತಲೇ ಹೋಗಿ ಕೇಳಿದೆ.

"ಹೋಂವರ್ಕ್ ಮಾಡದೇ ಇರೋರನ್ನ ಹೊರಗೆ ನಿಲ್ಲಿಸ್ತೀರಂತಲ್ಲ ಮೇಷ್ಟ್ರೇ, ಹೇಗಿರತ್ತೆ ಅಂತ ನೋಡ್ತಿದ್ದೀನಿ. ನೀವು ಪಾಠ ಮಾಡಿ."

ಬೆಲ್ ಹೊಡೆದ ಮೇಲೆ ತೀರ್ಪು ಬಂತು. "ಮೊದಲು ಸ್ವಲ್ಪ ನಾಚಿಕೆ. ಆಮೇಲೆ ಸಖತ್ ಆರಾಮು, ಗಾಳಿ ಚೆನ್ನಾಗಿ ಬರತ್ತೆ. ಲೆಕ್ಕ ಮಾತ್ರ ಒಂದೂ ತಲೆಗೆ ಹೋಗಲ್ಲ. ಬಿಟ್ಬಿಡಿ ಇದನ್ನ."

ಉತ್ತರಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಕೋಣನಕುಂಟೆಯ ನಮ್ಮ ಶಾಲೆಗೆ ಬರುತ್ತಿದ್ದ, ಹಣೆಯಲ್ಲಿ ತೆಳ್ಳಗೆ ವಿಭೂತಿ ಇಡುತ್ತಿದ್ದ ಈ ಹೆಂಗಸು ತಾವು ಮಾಡಿ ನೋಡದ ಶಿಕ್ಷೆಯನ್ನು ಯಾವ ಮಗುವಿಗೂ ಕೊಡಲು ಬಿಡುತ್ತಿರಲಿಲ್ಲ. ಒಮ್ಮೆ ಒಂದೇ ವಾಕ್ಯವನ್ನು ನೂರು ಸಲ ಬರೆದು, ಎಪ್ಪತ್ತರ ನಂತರ ಅಕ್ಷರ ಕಾಗೆಕಾಲಾಗಿದ್ದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದ್ದರು. ಇದು ತಿಕ್ಕಲೋ ನ್ಯಾಯವೋ ಎಂದು ನನಗೆ ಬಹಳ ದಿನ ಗೊತ್ತಾಗಲಿಲ್ಲ. ಮುಂದೇನು ಮಾಡುತ್ತಾರೋ ಎಂಬ ಕುತೂಹಲವನ್ನಂತೂ ತಡೆಯಲಾಗುತ್ತಿರಲಿಲ್ಲ.

ಆಗ ನಿಖಿಲನ ವಿಷಯ ಬಂತು. ಒಂಬತ್ತನೆಯ ತರಗತಿ, ಎತ್ತರದ ಹುಡುಗ, ಫುಟ್‌ಬಾಲ್‌ನಲ್ಲಿ ಮುಂದು. ಏಳನೆಯ ತರಗತಿಯ ಆದರ್ಶನ ಕೈಲಿ ತಿಂಗಳುಗಟ್ಟಲೆ ತನ್ನ ಬ್ಯಾಗು ಹೊರಿಸಿದ್ದ. ಹಿಂದಿನಿಂದ ತಲೆಗೆ ಮೊಟಕುತ್ತ, ಅವನ ತೊದಲು ಮಾತನ್ನು ಅಣಕಿಸುತ್ತ ನಡೆಸುತ್ತಿದ್ದನಂತೆ. ಆದರ್ಶ ಶಾಲೆಗೆ ಬರುವುದನ್ನೇ ನಿಲ್ಲಿಸಿದಾಗ ಎಲ್ಲ ಹೊರಬಿತ್ತು.

"ಬೆಳಿಗ್ಗೆ ಆದ್ರೆ ಹೊಟ್ಟೆನೋವು ಅಂತಾನೆ ಮೇಡಂ. ಹೀಗೇ ಆದ್ರೆ ಸ್ಕೂಲ್ ಬಿಡಿಸ್ಬಿಡ್ತೀವಿ" ಎಂದು ಅವನ ತಾಯಿ ಅತ್ತರು.

ನನಗೆ ಮೈ ಉರಿದುಹೋಯಿತು. "ಟಿಸಿ ಕೊಟ್ಟು ಕಳಿಸಿ ಆ ನಿಖಿಲನ್ನ" ಎಂದೆ.

"ಟಿಸಿ ನಾನು ತಗೊಂಡು ನೋಡಿಲ್ಲ ಮೇಷ್ಟ್ರೇ."

ನಿಖಿಲನ ತಂದೆ ಬಂದು, ಮನೆಯಲ್ಲಿ ಬೆಲ್ಟ್ ತೆಗೆದರೆ ಸರಿಹೋಗುತ್ತಾನೆ ಎಂದರು. "ಅದನ್ನೂ ತಿಂದು ನೋಡಿಲ್ಲ ಸಾರ್. ತಿನ್ನೋ ಆಸೆನೂ ಇಲ್ಲ. ಬೇಡ" ಎಂದರು ಮೇಡಂ.

ಕೊನೆಗೆ ಒಂದು ತಿಂಗಳು ನಿಖಿಲನೇ ಆದರ್ಶನ ಬ್ಯಾಗು ಹೊರಲಿ ಎಂಬ ಸಲಹೆ ಬಂತು. ನಮಗೆಲ್ಲ ಬಹಳ ಹಿಡಿಸಿತು. ಮೇಡಂ ಎಂದಿನಂತೆ, "ಇರಿ, ಮೊದಲು ನಾನು ಮಾಡಿ ನೋಡ್ತೀನಿ" ಎಂದರು. ಆದರ್ಶನ ಮನೆಗೇ ಹೋಗಿ ಅವನನ್ನು ಕರೆತಂದರು. ಗೇಟಿನಿಂದ ತರಗತಿಯವರೆಗೆ ಅವನ ಬ್ಯಾಗು ಹೊತ್ತು ಹಿಂದೆ ಹಿಂದೆ ನಡೆದರು. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ನಾಲ್ಕು ಹೆಜ್ಜೆಗೊಮ್ಮೆ ಹುಡುಗ ತಿರುಗಿ ನೋಡುತ್ತಿದ್ದ.

ಸ್ಟಾಫ್ ರೂಮಿಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತರು. "ಬ್ಯಾಗ್ ಏನ್ ಭಾರ ಇಲ್ಲ ಕಣ್ರೀ. ಆದ್ರೆ ಹಿಂದೆ ನಾನು ಬರ್ತಿದ್ರೇನೇ ಆ ಮಗು ಕುತ್ತಿಗೆ ಒಳಗೆ ಎಳ್ಕೊಳ್ತಿತ್ತು. ಇನ್ನು ನಿಖಿಲ ಬಂದ್ರೆ? ಒಂದು ತಿಂಗಳು ಶಿಕ್ಷೆ ಆದರ್ಶನಿಗೇ ಆಗ್ತಿತ್ತು."

ಅಷ್ಟೂ ಜನ ಮೇಷ್ಟ್ರುಗಳಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮೇಡಂ ಮಧ್ಯಾಹ್ನ ಆದರ್ಶನನ್ನು ಕೂರಿಸಿಕೊಂಡು, "ತಪ್ಪಾಯ್ತು ಕಂದ, ನಿನ್ನ ಕೇಳದೇ ಮಾಡ್ಬಿಟ್ಟೆ. ನಿನಗೇನು ಬೇಕು ಹೇಳು" ಎಂದರು. ಮಾತು ಹೊರಡಲು ಹೊತ್ತು ಹಿಡಿಯಿತು. ಅವರು ಕಾದರು.

"ಅ... ಅವನು ನನ್ನ ಹಿಂದೆ ಬರ್ಬಾರ್ದು ಮೇಡಂ. ಅಷ್ಟೇ."

ಅದೇ ಶಿಕ್ಷೆಯಾಯಿತು. ಇಡೀ ಟರ್ಮ್ ನಿಖಿಲ ಅರ್ಧ ಗಂಟೆ ಮೊದಲೇ ಬಂದು ಮೇಡಂ ರೂಮಿನಲ್ಲಿ ಕೂರಬೇಕು. ಸಂಜೆ ಚಿಕ್ಕವರೆಲ್ಲ ಗೇಟು ದಾಟಿದ ಮೇಲೆ ಹೊರಡಬೇಕು. ಫುಟ್‌ಬಾಲ್ ಬಂದ್. ಇದಕ್ಕಾಗಿ ಮೇಡಂ ಕೂಡ ಬೆಳಿಗ್ಗೆ ಎಂದಿಗಿಂತ ಮೊದಲಿನ ಬಸ್ಸು ಹಿಡಿಯತೊಡಗಿದರು. ಒಂದು ವಾರ ಮುಖ ಊದಿಸಿಕೊಂಡಿದ್ದ ಹುಡುಗ, ಒಂದು ದಿನ ನನ್ನೆದುರೇ ಕೇಳಿದ. "ಮೇಡಂ, ನಾನು ಹೋಗಿ ಸಾರಿ ಹೇಳ್ಲಾ? ಮುಗಿಸ್ಬಿಡಿ ಇದನ್ನ."

"ಅವನು ಕೇಳಿದ್ನಾ? ಇಲ್ವಲ್ಲ. ಇನ್ನೂ ಕಾಯಿ."

ನಿಖಿಲ ಸಾಧುವೇನೂ ಆಗಲಿಲ್ಲ. ಜೋರು ದನಿ ಈಗಲೂ ಇದೆ. ಆದರೆ ಮತ್ತೆ ಯಾರ ತಲೆಗೂ ಮೊಟಕಲಿಲ್ಲ. ಆದರ್ಶ ದಿನಾ ಬಂದ. ಟರ್ಮ್ ಮುಗಿಯುವ ಹೊತ್ತಿಗೆ ಅವನು ತಿರುಗಿ ನೋಡದೆ ಮೆಟ್ಟಿಲು ಹತ್ತಿದ್ದನ್ನು ನಾನೇ ನೋಡಿದೆ.

ಆ ವರ್ಷವೇ ಮೇಡಂ ನಿವೃತ್ತರಾದರು. ಬಿಡುಗಡೆ ಪತ್ರದ ಕವರು ಹಿಡಿದು ಹೊರಟರು. ನನಗೆ ಕ್ಲಾಸಿತ್ತು, ಗೇಟಿನವರೆಗೆ ಮಾತ್ರ ಹೋದೆ. ವಾಚ್‌ಮನ್ ಅಭ್ಯಾಸಬಲದಿಂದ ಅವರ ಹಿಂದೆಯೇ ಗೇಟು ಹಾಕಿಬಿಟ್ಟ. ಆಚೆ ನಿಂತು ಪತ್ರ ಬಿಡಿಸಿ ಓದಿದರು, ಸರಳುಗಳ ನಡುವಿನಿಂದ ಮೈದಾನ ನೋಡಿದರು.

"ಇದೂ ಟಿಸಿನೇ ಅಲ್ವಾ ಮೇಷ್ಟ್ರೇ?"

"ಹೇಗಿದೆ ಮೇಡಂ?" ಎಂದೆ, ನಗುತ್ತ.

ಅವರು ನಗಲಿಲ್ಲ. "ತುಂಬಾ ಕಷ್ಟ ಕಣ್ರೀ. ಅರವತ್ತಕ್ಕೇ ಹೀಗಾಗತ್ತೆ. ನಿಖಿಲನಿಗಿನ್ನೂ ಹದಿನಾಲ್ಕು."