ಭಾವನ ಬಾಯಿಹುಣ್ಣು ಮತ್ತು ತರೀಕೆರೆಯ ದಾರಿ

ಕಡೂರಿನಿಂದ ಬೆಳಗಿನ ರೈಲಿಗೆ ಹೊರಟು ಅಜ್ಜಂಪುರದಲ್ಲಿ ಇಳಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅಲ್ಲಿ ಕಾಳುಕಡ್ಡಿ ವ್ಯಾಪಾರ ಮಾಡುವ ನನ್ನ ಭಾವ ರುದ್ರಪ್ಪನವರಿಗೆ ಸಂಕ್ರಾಂತಿಯಿಂದ ಬಾಯಿಹುಣ್ಣು. ಅವರನ್ನು ತರೀಕೆರೆಯ ಆಸ್ಪತ್ರೆಗೆ ಕರೆದೊಯ್ಯಲೆಂದು ನಾನು ಶಾಲೆಗೆ ರಜೆ ಹಾಕಿ ಬಂದರೆ, ಅವರು ಅಂಗಡಿ ಬಿಟ್ಟು ಏಳಲೊಲ್ಲರು.

"ಸುಣ್ಣ ಸುಟ್ಟಿದ್ದು ಕಣೋ. ಅದಕ್ಯಾಕೆ ಡಾಕ್ಟ್ರು?"

ಎಲೆಯಡಿಕೆ ಬಿಟ್ಟು ತಿಂಗಳುಗಳಾಗಿದ್ದವು! ಉಷ್ಣವೆಂದು ಒಬ್ಬರು ಜೇನುತುಪ್ಪ ಹಚ್ಚಿಸಿದ್ದರು. ಹಲ್ಲಿನ ದೋಷವೆಂದು ಇನ್ನೊಬ್ಬರು ದವಡೆ ಹಲ್ಲನ್ನೇ ಕಿತ್ತಿದ್ದರು. ಆ ಗಾಯವೂ ಮಾದಿರಲಿಲ್ಲ. ಅಕ್ಕ ಅತ್ತು ಕರೆದು ಮಾಡಿದ ಮೇಲೆ ಹೊರಟರು.

ಬೀರೂರಿನಲ್ಲಿ ಇಳಿದು, ತರೀಕೆರೆಯ ಮೇಲೆ ಹೋಗುವ ಶಿವಮೊಗ್ಗದ ಗಾಡಿಗೆ ಕಾದು ಕಾದು ಸಾಕಾಯಿತು. ಅಕ್ಕ ಬಿಚ್ಚಿದ ಮೊಸರನ್ನವನ್ನೂ ಭಾವ ಉರಿಯೆಂದು ದೂಡಿದರು. ಕೂಜದ ನೀರನ್ನು ಮಾತ್ರ ಒಬ್ಬರೇ ಬರಿದುಮಾಡಿದರು. ಅದನ್ನು ತುಂಬಿಸಿ ತರುವುದೇ ನನ್ನ ಕೆಲಸವಾಯಿತು.

ತರೀಕೆರೆಯ ಡಾಕ್ಟರು ಬಾಯಿ ತೆರೆಸಿ ನೋಡಿದರು. ನಾಲಿಗೆಯ ಮೇಲೆ ಮೊಸರು ಮೆತ್ತಿದಂಥ ಬಿಳಿ ಪೊರೆ. ಹತ್ತಿಯಿಂದ ಒರೆಸಿದರೆ ಕೆಳಗೆ ಹಸಿಗೆಂಪು. ಅವರು ಬಾಯಿಯ ಮಾತು ಬಿಟ್ಟು, "ಬಾಯಾರಿಕೆ ಹೆಚ್ಚೇ? ರಾತ್ರಿ ಮೂತ್ರಕ್ಕೆ ಏಳುತ್ತೀರಾ?" ಎಂದರು.

"ಇಲ್ಲ ಸ್ವಾಮಿ," ಎಂದರು ಭಾವ.

ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಅಕ್ಕ, "ಸುಳ್ಳು ಸ್ವಾಮಿ! ರಾತ್ರಿಯೆಲ್ಲ ಎದ್ದೆದ್ದು ಹೋಗ್ತಾರೆ. ಕೊಡಗಟ್ಟಲೆ ನೀರು ಕುಡೀತಾರೆ," ಎಂದಳು.

"ಹುಣ್ಣಿರೋದು ಬಾಯಲ್ಲಿ, ಇವರು ಕೇಳೋದು ಉಚ್ಚೆ!" ಎಂದು ಭಾವ ಸಿಡುಕಿದರೂ ಡಾಕ್ಟರು ಬಿಡಲಿಲ್ಲ. ಮೂತ್ರವನ್ನು ನೀಲಿ ಔಷಧದಲ್ಲಿ ಹಾಕಿ ಕಾಯಿಸಿದರು. ಅದು ಇಟ್ಟಿಗೆಯ ಕೆಂಪಿಗೆ ತಿರುಗಿತು.

"ಸಿಹಿಮೂತ್ರ. ಬಾಯಿಯ ಹುಣ್ಣು ಅದರ ಗುರುತು, ಅಷ್ಟೇ. ಮೂಲ ಬಿಟ್ಟು ಬಾಯಿಗೆ ಎಷ್ಟು ಮದ್ದು ಹಚ್ಚಿದರೂ ಮತ್ತೆ ಬರುತ್ತದೆ. ಬೆಲ್ಲ, ಜೇನು ಮುಟ್ಟಬೇಡಿ. ಅನ್ನ ಕಡಿಮೆ ಮಾಡಿ. ಪಥ್ಯದಲ್ಲಿದ್ದರೆ ಹತೋಟಿಯಲ್ಲಿರುತ್ತದೆ." ಗುಣವಾಗುತ್ತದೆಂದು ಅವರು ಹೇಳಲಿಲ್ಲ.

ಹಿಂತಿರುಗುವಾಗ ಬೀರೂರಿನಲ್ಲಿ ನಾನು ಸುಮ್ಮನಿರಲಾರದೆ ರೇಗಿಬಿಟ್ಟೆ: "ಇಷ್ಟು ದಿನ ಯಾಕೆ ಮುಚ್ಚಿಟ್ಟಿರಿ ಭಾವ? ಹಲ್ಲು ಕೀಳಿಸಿಕೊಂಡಿರಿ, ಬಾಯಿ ಬಿಡಲಿಲ್ಲ!"

ಅವರು ಹಳಿಯ ಕಡೆ ನೋಡುತ್ತ, "ನಮ್ಮಪ್ಪಂಗೂ ಹಿಂಗೇ ಬಾಯಾರ್ತಿತ್ತು ಕಣೋ. ಆ ವರ್ಷವೇ ಹೋಗ್ಬಿಟ್ರು. ಇದು ಬರೀ ಬಾಯಿಹುಣ್ಣೇ ಆಗಿರ್ಲಿ ಅಂತ ಸುಮ್ನಿದ್ದೆ," ಎಂದರು.

ನಾನು ಕೂಜವನ್ನು ತುಂಬಿಸಿ ತಂದು ಅವರ ಕೈಗೆ ಕೊಟ್ಟೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ಅಜ್ಜಂಪುರದ ಗಾಡಿ ನನ್ನ ಕಡೂರಿನ ಗಾಡಿಗಿಂತ ಮೊದಲು ಬಂತು. ಇಬ್ಬರನ್ನೂ ಹತ್ತಿಸಿದೆ. ಗಾಡಿ ಕದಲಿದಾಗ ಭಾವ ಕಿಟಕಿಯಿಂದ ತಲೆ ಹೊರಹಾಕಿದರು.

"ಭಾನುವಾರ ಬಾ ಕಣೋ. ಸಿಹಿ ಗಿಹಿ ತರಬ್ಯಾಡ, ಬರಿಗೈಲಿ ಬಾ."