ಕೊಟ್ರೇಶನ ಹಳೇ ಮಾರುತಿ

ಕುಕನೂರಿನಲ್ಲಿ ತಕ್ಕಡಿ ರಿಪೇರಿ ಮಾಡುವ ಕೊಟ್ರೇಶನ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಅವನ ಕಾರಿನ ಬಗ್ಗೆ. ಪಕ್ಕದ ಅಂಗಡಿಯವನು ನಾನು. ವರ್ಷಗಟ್ಟಲೆ ಅದರ ಪುರಾಣ ಕೇಳಿದ್ದೇನೆ, ಅಷ್ಟು ಹಕ್ಕು ನನಗಿದೆ. ತೊಂಬತ್ತನೇ ಇಸವಿಯ ಬಿಳಿ ಮಾರುತಿ ಅದು. ತೂಕದ ಕಲ್ಲು, ಸಾಮಾನಿನ ಚೀಲ ಹೇರಿಕೊಂಡು ತಳಕಲ್, ಇಟಗಿ, ಯಲಬುರ್ಗಾ ಅಂತ ಅಂಗಡಿಯಿಂದ ಅಂಗಡಿಗೆ ಸುತ್ತಿದ್ದು ಅದರಲ್ಲೇ. "ಹೊಸಾ ಕಾರಿನಾವ್ರು ಬಂಕಿನ ಮುಂದ ಪಾಳಿ ಹಚ್ಚಲಿ. ನಂದು ಲೀಟರಿಗೆ ಹದಿನೆಂಟು ಕೊಡ್ತೈತಿ" ಎಂದು ದಿನಾ ನನ್ನ ತಲೆ ತಿನ್ನುತ್ತಿದ್ದ.

ಐದು ವರ್ಷದ ಹಿಂದೆ ಗಂಗಾವತಿಯ ಖಲಂದರ ಎಂಬ ಹಳೇ ಕಾರಿನ ಹುಚ್ಚಿನವನು ಇದನ್ನು ನೋಡಿ ಕೈ ಮುಗಿದುಬಿಟ್ಟ. "ದೊಡ್ಡ ದೊಡ್ಡ ಹಳೇ ಕಾರು ಇಡೋದು ಸಾಹುಕಾರ್ರ ಶೋಕಿರಿ. ನಮ್ಮಂಥವರಿಗೆ ಇದಽ ವಿಂಟೇಜ್. ಜತನ ಮಾಡ್ರಿ" ಎಂದ. ಅಷ್ಟೇ, ಕೊಟ್ರೇಶನ ಕಾಲು ನೆಲಕ್ಕೆ ಹತ್ತಲಿಲ್ಲ. ಕಾರಿಗೆ ಪಾಲಿಶ್ ಹೊಡೆಸಿದ. ಆ ವರ್ಷ ದಸರಾದ ಖಂಡೇಪೂಜೆಗೆ ಹೆಂಡತಿ ಮಲ್ಲೇಶ್ವರಿ ಕುಂಕುಮದ ಬಟ್ಟಲು ಹಿಡಿದು ಬಂದರೆ, "ಬಾನೆಟ್ಟಿಗೆ ಕೈ ಹಚ್ಚಬ್ಯಾಡ, ಕಲಿ ಬೀಳ್ತೈತಿ" ಎಂದು ಗದರಿದ. ಪಾಪ, ಆಕೆಯ ಮುಖ ಸಣ್ಣದಾಯಿತು. ನನಗೆ ಸಿಟ್ಟು ಬಂದು ಬೈದೆ. ಕೇಳಬೇಕಲ್ಲ ಈ ಮನುಷ್ಯ!

ಈ ವರ್ಷ ಕಾರಿನ ಆರ್‌ಸಿ ಅವಧಿ ಮುಗಿಯಿತು. ಹಳೇ ಗಾಡಿಯನ್ನು ಐದು ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಿ ಪಾಸು ಮಾಡಿಸಬೇಕು. ನಾವಿಬ್ಬರೂ ಕೊಪ್ಪಳಕ್ಕೆ ಹೊರಟೆವು. ಗವಿಮಠಕ್ಕೂ ಹೋಗಿ ಬರಬಹುದೆಂದು ಮಲ್ಲೇಶ್ವರಿಯೂ ಬಂದಳು. ಲೈಟು, ಬ್ರೇಕು, ಹೊಗೆ ಎಲ್ಲ ಸರಿಯಾಯಿತು. ಕೊನೆಗೆ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿದರು. ಎಂಜಿನ್ನಿನ ಹಿಂದಿನ ತಗಡಿನಲ್ಲಿ ಚಾಸಿ ನಂಬರ್ ಒತ್ತಿರುತ್ತದೆ. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿ ಮೂಡಬೇಕು.

ಮೂಡಲಿಲ್ಲ. ಬ್ಯಾಟರಿಯ ಆಸಿಡ್ ಸೋರಿ ಸುತ್ತಲಿನ ತಗಡಿಗೆ ತುಕ್ಕು ಹಿಡಿದಿತ್ತು. ನಂಬರಿನ ಜಾಗದಲ್ಲಿ ಬರೀ ಕರಿ ಜಿಡ್ಡು.

"ನಂಬರ್ ತುಕ್ಕು ತಿಂದು ಹೋಗೈತ್ರಿ ಯಜಮಾನ್ರ. ನಂಬರ್ ಇಲ್ದ ಪಾಸ್ ಮಾಡಾಕ ಬರೂದಿಲ್ಲ. ಗುಜರಿಗೆ ಹಾಕ್ರಿ" ಎಂದರು.

ಕೊಟ್ರೇಶ ಬಗ್ಗಿ ಬೆರಳಿಟ್ಟ. ಪಕ್ಕದ ತಗಡು ಹಪ್ಪಳದಂತೆ ಮುರಿದು ಕೈಗೆ ಬಂತು. ನಂಬರೂ ಹೀಗೇ ಉದುರಿದೆ ಎಂದು ನನಗೂ ಖಾತ್ರಿಯಾಯಿತು. "ಇಷ್ಟು ವರ್ಷ ಮಂದಿ ತಕ್ಕಡಿ ನೆಟ್ಟಗ ಮಾಡೀನಿ. ಈಗ ಇದನ್ನ ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಾಗ ತೂಗ್ತಾರೇನೋ" ಎಂದು ನನ್ನ ಭುಜ ಹಿಡಿದ. ನನಗೂ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಮಲ್ಲೇಶ್ವರಿ ಮುಂದೆ ಬಂದಳು. "ಸಾಹೇಬ್ರ, ಚೂರು ತಡೀರಿ. ಅದು ತುಕ್ಕಲ್ಲ, ನನ್ನ ಕುಂಕುಮ."

"ಏನಂದಿ?" ಎಂದ ಕೊಟ್ರೇಶ.

"ಮ್ಯಾಲ ಹಚ್ಚಬ್ಯಾಡ ಅಂದ್ರಿ. ಪೂಜಿ ಇಲ್ದ ಬಿಡಾಕ ಮನಸು ಬರ್ಲಿಲ್ಲ. ನೀವು ಜಳಕಕ್ಕ ಹೋದಾಗ ಬಾನೆಟ್ ಎತ್ತಿ ನೋಡಿದೆ. ಅಕ್ಷರ ಇದ್ದ ಜಾಗಾನಽ ಇದರ ಹಣಿ ಅಂದ್ಕೊಂಡು, ಕೊಬ್ಬರಿ ಎಣ್ಣಿಯಾಗ ಅರಿಷಿಣ, ಕುಂಕುಮ ಕಲಸಿ ಹಚ್ಚಿದೆ. ದಸರಾಕ್ಕಷ್ಟ ಅಲ್ಲ, ಅಮಾಸಿ ಅಮಾಸಿಗೂ ಹಚ್ಚೀನಿ."

"ನಾ ಎಂಜಿನ್ ಆಯಿಲ್ ಸೋರೈತಿ ಅಂದ್ಕೊಂಡಿದ್ನಲ್ಲಬೇ!" ಎಂದ ಕೊಟ್ರೇಶ.

ಕೊಟ್ರೇಶನ ಚೀಲದಲ್ಲಿ ತಕ್ಕಡಿ ತೊಳೆಯುವ ಸೀಮೆಎಣ್ಣೆ ಇತ್ತು. ಅದರಲ್ಲಿ ಅರಿವೆ ಅದ್ದಿ ಆಕೆ ಒರೆಸಿದಳು. ಕರಿ ಹೋಗಿ ಕೆಂಪು ಬಂತು, ಕೆಂಪು ಹೋಗಿ ಹಳದಿ ಬಂತು. ಅದರಡಿಯ ತಗಡಿಗೆ ತುಕ್ಕು ಮುಟ್ಟಿರಲೇ ಇಲ್ಲ. ಐದು ವರ್ಷ ಎಣ್ಣೆ ಕುಡಿದ ಜಾಗ. ಇನ್‌ಸ್ಪೆಕ್ಟರ್ ಮತ್ತೆ ಪೆನ್ಸಿಲ್ ಉಜ್ಜಿದರು. ಒಂದೊಂದಾಗಿ ಎಲ್ಲ ಅಂಕಿಗಳೂ ಮೂಡಿದವು. ಆರ್‌ಸಿಗೆ ಹಿಡಿದು ನೋಡಿ, "ನಂಬರ್ ತಾಳೆ ಆತು. ಆ ತುಕ್ಕಿನ ತಗಡು ಬದಲಿ ಮಾಡಸ್ರಿ. ಗಾಡಿ ಪಾಸ್" ಎಂದರು.

ಅಬ್ಬಾ, ಜೀವ ಬಂತು! ಕೊಟ್ರೇಶ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಚಿಕ್ಕ ಹುಡುಗನ ಹಾಗೆ ನಕ್ಕ. ಆಮೇಲೆ ಹೆಂಡತಿಯ ಕಡೆ ನೋಡಿ ಮೆಲ್ಲಗೆ, "ತಪ್ಪಾತು. ಈ ದಸರಾಕ್ಕ ಬಾನೆಟ್ ಮ್ಯಾಲ ಹಚ್ಚು" ಎಂದ.

"ದಸರಾ ತನಕ ಯಾಕ ತಡೀಲಿ?" ಎಂದವಳೇ, ಮಲ್ಲೇಶ್ವರಿ ಕುಂಕುಮ ಮೆತ್ತಿದ ಅಂಗೈಯನ್ನು ಪಾಲಿಶ್ ಮಾಡಿದ ಬಿಳಿ ಬಾನೆಟ್ಟಿನ ಮೇಲೆ ಪೂರ್ತಿ ಊರಿದಳು. ಐದೂ ಬೆರಳು ಮೂಡಿದವು. ಕೊಟ್ರೇಶ ಅದನ್ನು ಇವತ್ತಿಗೂ ಒರೆಸಿಲ್ಲ.